ಬತ್ತಾಸಿಗೆ ಕೊಟ್ಟ ಹೆಸರು

ನಮ್ಮ ಹಿಟ್ಟಿನ ಗಿರಣಿಗೆ ಬರುವವರೆಲ್ಲ ಒಂದೇ ತಪ್ಪು ಮಾಡುತ್ತಾರೆ. ಇಷ್ಟು ಗದ್ದಲದಲ್ಲಿ ಯಾರಿಗೆ ಕೇಳಿಸೀತು ಅಂದುಕೊಂಡು ಪಕ್ಕದವಳ ಕಿವಿಗೆ ಬಾಯಿ ಹಚ್ಚಿ ಮನೆಯ ಗುಟ್ಟನ್ನೆಲ್ಲ ಕೂಗಿ ಹೇಳುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಆಡಿದ ಮಾತೆಲ್ಲ ವಾಪಸು ಬರುತ್ತದಲ್ಲ, ಆಗ ಗಿರಣಿಯ ಸದ್ದು ಅದರ ಜೊತೆ ಬರುವುದಿಲ್ಲ. ಬರೀ ಮಾತು ಬರುತ್ತದೆ. "ನಮ್ಮತ್ತೆ ತುಪ್ಪದ ಡಬ್ಬಿಗೆ ಬೀಗ ಹಾಕ್ತಾಳೆ ಕಣೇ" ಅಂತ ಬೆಳಿಗ್ಗೆ ಸೊಸೆ ಕೂಗಿದ್ದು, ಸಂಜೆ ಹಿಟ್ಟು ಒಯ್ಯಲು ಬಂದ ಅದೇ ಅತ್ತೆಯ ಮುಂದೆ ಗಂಟೆ ಹೊಡೆದ ಹಾಗೆ ಕೇಳಿಸುತ್ತದೆ. ನಾನು ತಲೆ ಬಗ್ಗಿಸಿ ಹಿಟ್ಟು ತೂಗುತ್ತಾ ಇರುತ್ತೇನೆ. ಏನು ಮಾಡಲಿ, ಗಿರಣಿ ನನ್ನದು, ಕಿವಿಯೂ ನನ್ನದು.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮಗೆ ಅಭ್ಯಾಸ. ಹಿಂದಿನ ರಾತ್ರಿಯಿಂದ ಹಿಡಿದು ಎಲ್ಲಿ ಏನು ಆಡಿದೆವೋ ಅದು ಅಲ್ಲೇ, ಆಡಿದವರ ದನಿಯಲ್ಲೇ, ಸಂಜೆ ಒಂದು ಸಲ ಬಂದು ಹೋಗುತ್ತದೆ. ಮುಕ್ಕಾಲು ಗಂಟೆ, ಅಷ್ಟೇ. ಆ ಮುಕ್ಕಾಲು ಗಂಟೆಯೊಳಗೆ ಆಡಿದ ಮಾತು ಮಾತ್ರ ಮತ್ತೆಂದೂ ಬರುವುದಿಲ್ಲ. ಆದರೆ ವಾಪಸಿನ ಹೊತ್ತಿನಲ್ಲಿ ಬಾಯಿ ಬಿಡುವುದು ನಮ್ಮಲ್ಲಿ ಮರ್ಯಾದೆಯಲ್ಲ; ಊಟಕ್ಕೆ ಕೂತವರ ಎಲೆ ದಾಟಿದಷ್ಟು ತಪ್ಪು. ಗುಟ್ಟು ಇದ್ದರೆ ಊರ ಗಡಿಕಲ್ಲಿನ ಆಚೆ ಹೋಗಿ ಹೇಳಬೇಕು. ಇಲ್ಲದಿದ್ದರೆ ಕೈಮಾತು ಇದೆ, ಬೆರಳಲ್ಲೇ ಎಲ್ಲ ಮುಗಿಸಬಹುದು. ಕೈಮಾತಿನಲ್ಲಿ ಬೈಯುವುದಕ್ಕೆ ಹದಿನಾಲ್ಕು ಸನ್ನೆ ಇವೆ, ಚಾಡಿ ಹೇಳುವುದಕ್ಕೆ ಅದಕ್ಕಿಂತ ಹೆಚ್ಚು. ಮುದ್ದು ಮಾಡುವುದಕ್ಕೆ ಒಂದೂ ಇಲ್ಲ. ಯಾವ ಪುಣ್ಯಾತ್ಮ ಅದನ್ನು ಕಂಡುಹಿಡಿದನೋ, ಅದೊಂದನ್ನು ಮರೆತುಬಿಟ್ಟ.

ನನ್ನ ಹೆಸರು ಸುಗುಣ. ಗಿರಣಿಯ ಮುಂದಿನ ಕೆಲಸ ನನ್ನದು. ಬೀಸುವ ಕಲ್ಲಿಗೆ ಉಳಿ ಹಿಡಿದು ಹಲ್ಲು ಹೊಡೆಯುವುದು, ಬೆಲ್ಟು ಬಿಗಿ ಮಾಡುವುದು, ಮೂಟೆ ಜೋಡಿಸುವುದು ನಮ್ಮ ಯಜಮಾನರದು. ಊರಿನವರು ಅವರನ್ನು ಮುಕುಂದಣ್ಣ ಅನ್ನುತ್ತಾರೆ. ಹಿಂದೊಮ್ಮೆ ಕಲ್ಲು ಜಾರಿ ಬಲಗಾಲಿನ ಮಂಡಿಗೆ ಬಿದ್ದಾಗಿನಿಂದ ಎಡಗಾಲು ದಪ್ಪನೆ ಊರಿ ಬಲಗಾಲು ಎಳೆದುಕೊಂಡು ನಡೆಯುತ್ತಾರೆ. ಮಾತು ಕಡಿಮೆ. ಕಡಿಮೆ ಅಂದರೆ ಲೆಕ್ಕಕ್ಕೇ ಇಲ್ಲ.

ಮೊದಲು ಹೀಗಿರಲಿಲ್ಲ. ಮದುವೆಯಾದ ಹೊಸತರಲ್ಲಿ, ಮೂವತ್ತೊಂದು ವರ್ಷದ ಹಿಂದಿನ ಮಾತು, ಒಂದು ಬೆಳಿಗ್ಗೆ ಗಿರಣಿ ಓಡುತ್ತಿರುವಾಗ ನನ್ನ ಕೆನ್ನೆಗೆ ಹತ್ತಿದ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿ "ಚಿನ್ನಾರಿ" ಅಂದರು. ಅಷ್ಟೇ ಅಂದದ್ದು. ಸಂಜೆ ಎಂಟು ಜನ ಹೆಂಗಸರು ಡಬ್ಬ ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಎಲ್ಲರ ನಡುವೆ ಇವರ ದನಿ "ಚಿನ್ನಾರಿ" ಅಂದಿತು. ಎಂಟು ಜನವೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಂದು ವರ್ಷ ಹಿಟ್ಟಿಗೆ ಬಂದವರೆಲ್ಲ "ಚಿನ್ನಾರೀ, ನಮ್ದು ಆಯ್ತೇನೇ?" ಅಂತಲೇ ಕೇಳಿದರು. ಇವರು ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡರು. ವಾಪಸಿನ ಹೊತ್ತಿಗೆ ಮನೆಯಲ್ಲೇ ಇರುವುದಿಲ್ಲ, ಕೆರೆ ಏರಿಯ ಮೇಲೆ ಹೋಗಿ ಕೂತು ಎಲ್ಲ ಮುಗಿದ ಮೇಲೆ ಬರುತ್ತಾರೆ. ನನ್ನನ್ನು ಕರೆಯುವುದು "ಇವಳೇ" ಅಂತ. ಅದಕ್ಕೂ ನಾನು ಹೊಂದಿಕೊಂಡೆ. ಎಲ್ಲರ ಮನೆಯಲ್ಲೂ ಗಂಡಸರು ಹೀಗೇ ಅಲ್ಲವೇ ಅಂದುಕೊಂಡೆ.

ಇನ್ನು ಪ್ರಾಣಿಯ ವಿಚಾರ. ನಮ್ಮೂರಿನಲ್ಲಿ ಪ್ರಾಣಿ ನಿಲ್ಲುವುದಿಲ್ಲ. ಬೆಕ್ಕು ತಂದರೆ ಮೊದಲ ಸಂಜೆಯೇ, ಜನವಿಲ್ಲದ ಕೋಣೆಯಲ್ಲಿ ಮಾತು ಕೇಳಿ ಮೈಯೆಲ್ಲ ರೋಮ ನಿಗುರಿಸಿಕೊಂಡು ಗಡಿಕಲ್ಲು ದಾಟಿ ಓಡುತ್ತದೆ. ನಾಯಿಯೂ ಅಷ್ಟೆ. ಬೆಕ್ಕಿಲ್ಲದ ಊರಿನಲ್ಲಿ ಗಿರಣಿ ಇಟ್ಟವರ ಪಾಡು ಕೇಳಬೇಕೆ? ಇಲಿಗಳು ನಮ್ಮ ಮೂಟೆಕೋಣೆಯಲ್ಲಿ ಹುಟ್ಟಿ, ಬೆಳೆದು, ಮೊಮ್ಮಕ್ಕಳನ್ನು ಕಂಡು ಸಾಯುತ್ತಿದ್ದವು. ಹೊರಗಿನಿಂದ ಗೋಧಿ ತರುವ ಲಾರಿಯ ಡ್ರೈವರ್ ದುರುಗಪ್ಪನ ಹತ್ತಿರ ನಾನು ಸಾವಿರ ಸಲ ಗೋಳಾಡಿದ್ದೆ. ಹೋದ ವರ್ಷ ಅವನು ಒಂದು ಬಿದಿರು ಬುಟ್ಟಿ ತಂದು ಇಳಿಸಿದ.

"ಇದಕ್ಕೆ ಫೆರೆಟ್ ಅಂತಾರಕ್ಕ. ಮುಂಗುಸಿ ಥರ ಕಾಣತ್ತೆ, ಮುಂಗುಸಿ ಅಲ್ಲ. ಯಾರೋ ಸಾಕಿದ್ರಂತೆ, ಎಷ್ಟು ಕೂಗಿದ್ರೂ ತಿರುಗಿ ನೋಡಲ್ಲ ಅಂತ ಬೇಜಾರಾಗಿ ಕೊಟ್ರು. ಇಲಿ ಹಿಡಿಯತ್ತೆ, ಮಡಿಕ್ಕೊಳ್ಳಿ" ಅಂದ.

ಬುಟ್ಟಿಯೊಳಗೆ ಮೊಳದುದ್ದದ ಬಿಳೀ ಮೈ, ಗುಲಾಬಿ ಮೂಗು. ಹೊರಗೆ ತೆಗೆದರೂ ಎಚ್ಚರವಿಲ್ಲ, ಒದ್ದೆ ಟವಲಿನ ಹಾಗೆ ಜೋತುಬಿತ್ತು. ಬೆಳ್ಳಗೆ ಹಗುರಾಗಿದೆ ಅಂತ ಬತ್ತಾಸು ಅಂತ ಹೆಸರಿಟ್ಟೆ. ಸಂಜೆ ಅದು ಓಡಿಹೋಗುವುದನ್ನು ನೋಡೋಣ ಅಂತ ಪಕ್ಕದ ಮನೆಯ ಜೈತೂನಮ್ಮ ಸ್ಟೂಲು ತಂದು ಹಾಕಿಕೊಂಡು ಕೂತಳು. ಮಾತುಗಳು ಶುರುವಾದವು. ಇಡೀ ಗಿರಣಿ ಕಲಕಲ ಅಂದಿತು. ಬತ್ತಾಸು ಬಾಯಿ ಆಕಳಿಸಿ, ಮೈ ಸುರುಳಿ ಸುತ್ತಿಕೊಂಡು ಇನ್ನೊಂದು ಮಗ್ಗುಲಿಗೆ ಹೊರಳಿತು. ನಾನು ಅದರ ತಲೆಯ ಹಿಂದೆ ಹಿತ್ತಾಳೆ ತಟ್ಟೆಗೆ ಸೌಟಿನಿಂದ ಬಡಿದೆ. ಕಿವಿ ಕೂಡ ಅಲುಗಲಿಲ್ಲ.

"ಯಾ ಅಲ್ಲಾ, ಇದು ಪೂರಾ ಕಿವುಡು" ಅಂದಳು ಜೈತೂನಮ್ಮ, ವಾಪಸಿನ ಹೊತ್ತು ಮುಗಿದ ಕೂಡಲೇ. ಹೀಗೆ ನಮ್ಮೂರಿನಲ್ಲಿ ನಿಂತ ಮೊದಲ ಪ್ರಾಣಿ ನಮ್ಮ ಮನೆಯದಾಯಿತು. ನನಗೂ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ಅದನ್ನು ಪಳಗಿಸಿದ್ದು ನಾನು. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಕಿವುಡು ಪ್ರಾಣಿಯನ್ನು ಹಿಂದಿನಿಂದ ಮುಟ್ಟಬಾರದು, ಮಲಗಿದ್ದಾಗ ಎತ್ತಬಾರದು ಅನ್ನುವುದನ್ನು ಕಲಿತದ್ದು ಮೂರು ಸಲ ಕಚ್ಚಿಸಿಕೊಂಡು. ಎಬ್ಬಿಸಬೇಕಾದರೆ ಹಲಗೆ ನೆಲವನ್ನು ತುಳಿಯಬೇಕು; ಅದುರು ಹೊಟ್ಟೆಗೆ ತಾಗಿ ಎಚ್ಚರಾಗುತ್ತದೆ. ಆಮೇಲೆ ಮೂಗಿನ ಮುಂದೆ ಕೈ ಹಿಡಿದು ಅದು ಮೂಸುವ ತನಕ ಕಾಯಬೇಕು. ಅಂಗೈ ಚಾಚಿದರೆ ಊಟ, ಬೆರಳು ಆಡಿಸಿದರೆ ಬೇಡ, ಟಾರ್ಚು ಆರಿಸಿ ಹಚ್ಚಿದರೆ ಬುಟ್ಟಿಗೆ ಬಾ. ಮೊಟ್ಟೆ ಬೇಯಿಸಿ ಬಿಡಿಸಿ ಕೊಟ್ಟೆ, ಕೋಳಿಯ ಲಿವರು ಚಿಕ್ಕದಾಗಿ ಹೆಚ್ಚಿ ಕೊಟ್ಟೆ, ಉಗುರು ಕತ್ತರಿಸಿದೆ, ಬುಟ್ಟಿಯ ಬಟ್ಟೆ ದಿನಾ ಒಗೆದೆ. ಇಷ್ಟೆಲ್ಲ ಮಾಡಿದ್ದಕ್ಕೆ ಅದು ನನಗೆ ಕೊಟ್ಟದ್ದೇನು? ನನ್ನ ಅಡಕತ್ತರಿ ಕದ್ದಿತು, ಒಂದು ಕಾಲುಂಗುರ ಕದ್ದಿತು, ಹೇರ್‌ಪಿನ್ನುಗಳಿಗಂತೂ ಲೆಕ್ಕವೇ ಇಲ್ಲ. ತಿಂದದ್ದು ನನ್ನ ಕೈಯಿಂದ. ಹೋಗಿ ಮಲಗಿದ್ದು ಯಜಮಾನರ ಎದೆಯ ಮೇಲೆ.

ಮೊದಲು ನಾನು ಗಮನಿಸಲೇ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ಇವರು ಮೂಟೆಕೋಣೆಯಲ್ಲಿ ಮೂಟೆಗೆ ಒರಗಿ ಕಾಲು ಚಾಚುವುದು ರೂಢಿ. ಇವರ ಹೆಜ್ಜೆಯ ಅದುರು ತಾಗಿದ ಕೂಡಲೇ ಬತ್ತಾಸು ಎಲ್ಲಿದ್ದರೂ ಎದ್ದು ಬೆನ್ನು ಬಿಲ್ಲು ಮಾಡಿಕೊಂಡು ಪಕ್ಕಕ್ಕೆ ಪಕ್ಕಕ್ಕೆ ಕುಣಿಯುತ್ತಾ, ಗಂಟಲಲ್ಲಿ ಕ್ಲುಕ್ ಕ್ಲುಕ್ ಅನ್ನುತ್ತಾ ಓಡುತ್ತದೆ. ನಾನು ಎಷ್ಟು ತುಳಿದರೂ ಏಳುತ್ತದೆ ನಿಜ, ಕುಣಿಯುವುದಿಲ್ಲ. ಊಟದ ತಟ್ಟೆ ಎಲ್ಲಿ ಅಂತ ಮುಖ ನೋಡುತ್ತದೆ. ಒಂದು ಮಧ್ಯಾಹ್ನ ಬಾಗಿಲ ಸಂದಿನಿಂದ ನೋಡಿದೆ. ಅದು ಇವರ ಎದೆಯ ಮೇಲೆ ಗದ್ದ ಊರಿ ಕಣ್ಣು ಮುಚ್ಚಿದೆ. ಇವರ ತುಟಿ ಆಡುತ್ತಿದೆ. ಇವರ ತುಟಿ!

ಅವತ್ತು ಸಂಜೆ ಗಿರಣಿಯನ್ನು ಜೈತೂನಮ್ಮನಿಗೆ ಒಪ್ಪಿಸಿ ಮೂಟೆಕೋಣೆಗೆ ಹೋಗಿ ನಿಂತೆ. ಆ ಹೊತ್ತಿನಲ್ಲಿ ಅಲ್ಲಿಗೆ ಯಾರೂ ಹೋಗುವುದಿಲ್ಲ. ಇವರಿಗೆ ಅದೇ ಧೈರ್ಯ. ಮೇಲಾಗಿ ಕೇಳುವವನು ಕಿವುಡ. ಮೂವತ್ತೊಂದು ವರ್ಷ ಎಚ್ಚರವಾಗಿದ್ದ ಮನುಷ್ಯ ಅಲ್ಲಿ ಎಚ್ಚರ ತಪ್ಪಿದ್ದರು.

"ಬಂದ್ಯಾ? ಬಾ ಬಾ. ಇವತ್ತು ಮಂಡಿ ತುಂಬಾ ನೋಯ್ತಿದೆ ಕಣೋ, ಆ ಕಡೆ ಬೇಡ, ಈ ಕಡೆ ಮಲಕ್ಕೋ. ಕಲ್ಲು ಹೊಡೀತಾ ಕೂತಿದ್ದೆ, ನೀನು ಎದ್ದಿದ್ದೀಯೋ ಇಲ್ವೋ ಅಂತ ಅದೇ ಯೋಚನೆ ನಂಗೆ. ಏನ್ ನೋಡ್ತೀಯಾ ಹಾಗೆ? ನಗು ಬರತ್ತೆ ನಿನ್ನ ಮುಖ ನೋಡಿದ್ರೆ. ಮಲಕ್ಕೋ, ಚಿನ್ನಾರಿ."

ಚಿನ್ನಾರಿ!

ಮುದ್ದು ಮಾಡಲಿ, ಪ್ರಾಣಿಯನ್ನು ಯಾರು ಬೇಡವೆಂದರು? ಪುಟ್ಟ ಅನ್ನಲಿ, ರಾಜ ಅನ್ನಲಿ, ಬಂಗಾರ ಅನ್ನಲಿ. ಭಾಷೆಯಲ್ಲಿ ಹೆಸರಿಗೆ ಬರವೇ? ನನ್ನ ಹೆಸರೇ ಬೇಕಾಯಿತೇ ಇವರಿಗೆ? ಒಂದೇ ಒಂದು ದಿನ ನನ್ನ ಕಿವಿಗೆ ಬಿದ್ದು ಮಾಯವಾದ ಹೆಸರನ್ನು ತೆಗೆದು, ಅದನ್ನು ಕೇಳಿಸಿಕೊಳ್ಳಲೂ ಆಗದ ಒಂದು ಪ್ರಾಣಿಗೆ ಕೊಟ್ಟುಬಿಟ್ಟರಲ್ಲ! ಮಂಡಿ ನೋವು ಅಂತ ಕೂಡ ನನಗೆ ಹೇಳಿರಲಿಲ್ಲ. ಆ ರಾತ್ರಿ ಸಾರಿಗೆ ಉಪ್ಪು ಎರಡು ಸಲ ಹಾಕಿದೆ. ಇವರು ಸುಮ್ಮನೆ ಉಂಡು ಎದ್ದರು.

ಬಿಟ್ಟುಬಿಡಬಹುದಿತ್ತು. ಆಗಲಿಲ್ಲ. ಮರುದಿನ ಸಂಜೆಯೂ ಹೋದೆ, ಅದರ ಮರುದಿನವೂ ಹೋದೆ. ಕಳ್ಳಿಯ ಹಾಗೆ ರಾಗಿ ಮೂಟೆಯ ಮೇಲೆ ಕೂತು, ಬತ್ತಾಸಿಗೆ ಆಡಿದ ಮಾತನ್ನು ನಾನು ಕೇಳಿದೆ. ಕೆರೆಯಲ್ಲಿ ಕಂಡ ಹಕ್ಕಿ, ಉಳಿ ಹಿಡಿದು ಹಿಡಿದು ಸೆಟೆದುಕೊಂಡ ಬೆರಳು, ಇವರಮ್ಮ ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹುರಿಹಿಟ್ಟಿನ ಉಂಡೆ. ಇಷ್ಟೆಲ್ಲ ಈ ಮನುಷ್ಯನ ಒಳಗಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಒಳ್ಳೆಯ ಮಾತು ಕೇಳಿದಷ್ಟೂ ಉರಿ ಹೆಚ್ಚಾಗುತ್ತಿತ್ತು. ಕೊನೆಗೆ ಬರುವ "ಚಿನ್ನಾರಿ"ಗೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ, ಮುಚ್ಚಿದ ಕೈಯನ್ನು ಒಂದಿಷ್ಟು ಸಡಿಲ ಬಿಡುತ್ತಿದ್ದೆ.

ಒಂದು ಸಂಜೆ ಜೈತೂನಮ್ಮ ತನ್ನ ಮೂಟೆ ಹುಡುಕುತ್ತಾ ಒಳಗೇ ಬಂದುಬಿಟ್ಟಳು. ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದಳು. ವಾಪಸಿನ ಹೊತ್ತು ಮುಗಿಯುವ ತನಕ ಬಾಯಿಗೆ ಸೆರಗು ಒತ್ತಿಕೊಂಡಿದ್ದು, ಆಮೇಲೆ ಅಂದಳು: "ಏನ್ ಸುಗುಣಕ್ಕ, ನಿಮ್ಮನೇಗೆ ಸವತಿ ಬಂದಂಗಿದೆ? ಅದೂ ನಾಕು ಕಾಲಿನ ಸವತಿ!"

"ಹೋಗೇ, ನಿನ್ನ ಮೂಟೆ ಹೊತ್ಕೊಂಡು ಹೋಗು" ಅಂದೆ. ನಗುತ್ತಲೇ ಅಂದೆ, ಆದರೆ ಮುಖ ಸುಡುತ್ತಿತ್ತು.

ಮರುದಿನ ಊಟಕ್ಕೆ ಬಡಿಸುವಾಗ ಕೇಳಿಯೇ ಬಿಟ್ಟೆ. "ಆ ಬತ್ತಾಸಿನ ಹತ್ರ ತುಟಿ ಆಡಿಸ್ತಾ ಇರ್ತೀರಲ್ಲ, ಸಂದಿನಿಂದ ನೋಡಿದೀನಿ. ನನ್ನ ಹತ್ರ ಒಂದು ದಿನ ನಾಕು ಮಾತು ಆಡಿದೀರಾ?"

ಇವರು ತುತ್ತು ಕಲಸುತ್ತಲೇ ಇದ್ದರು. ಕಲಸಿ ಕಲಸಿ ಅನ್ನ ಪಾಯಸವಾಯಿತು. "ಅದಕ್ಕೆ ಕೇಳ್ಸಲ್ಲ" ಅಂದರು.

"ನನಗೆ ಕೇಳ್ಸತ್ತೆ ಅಂತ ಆಡಲ್ವಾ ಹಂಗಾದ್ರೆ?"

"ಹೂಂ."

ಸಂಜೆ ಅಡುಗೆಮನೆಯಲ್ಲಿ ಅದೂ ವಾಪಸು ಬಂತು. ಒಂದೇ ದಿನ ಎರಡು ಸಲ ಕೇಳಬೇಕಾಯಿತು ಆ "ಹೂಂ" ಅನ್ನು. ಅವತ್ತೇ ತೀರ್ಮಾನ ಮಾಡಿದೆ.

ವಾರಕ್ಕೊಂದು ಸಲ ಲಾರಿ ಬರುತ್ತದೆ. ಆ ಸಲ ಬಂದಾಗ ಇವರು ಉಳಿಗೆ ಸಾಣೆ ಹಿಡಿಸಲು ಕುಲುಮೆಗೆ ಹೋಗಿದ್ದರು. ಮಲಗಿದ್ದ ಬತ್ತಾಸನ್ನು ಹಲಗೆ ತುಳಿದು ಎಬ್ಬಿಸಿ, ಕೈ ಮೂಸಲು ಕೊಟ್ಟು, ಬುಟ್ಟಿಗೆ ಹಾಕಿದೆ. ಅದು ನಂಬಿಕೊಂಡು ಒಳಗೆ ಹೋಯಿತು. ಅಂಗಳದಲ್ಲಿ ದುರುಗಪ್ಪನ ಕೈಗೆ ಬುಟ್ಟಿ ಕೊಟ್ಟು, ಬಾಯಿ ಬಿಡದೆ ಬರೀ ಸನ್ನೆ ಮಾಡಿದೆ: ತಗೊಂಡು ಹೋಗು, ಯಾರಿಗೂ ಹೇಳಬೇಡ. ನಾನು ಈ ಊರಿನವಳು, ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಮೋರಿಯ ತೂತಿನಿಂದ ಓಡಿಹೋಯಿತು ಅಂತ ಇವರಿಗೆ ಹೇಳುವುದು ಅಂತ ಮೊದಲೇ ಯೋಚಿಸಿಟ್ಟಿದ್ದೆ. ದುರುಗಪ್ಪ ಮಾತ್ರ ಹೊರಗಿನವನು. ನಾನು ತುಟಿಯ ಮೇಲೆ ಬೆರಳಿಟ್ಟು ಎಷ್ಟು ಬೇಡಿಕೊಂಡರೂ ಅವನಿಗೆ ಅರ್ಥವಾದದ್ದು ಬೇರೆ. ಅವನು ಏನೇನೋ ಅಂದ, ನಾನು ಅವನನ್ನು ದಬ್ಬಿ ಲಾರಿ ಹತ್ತಿಸಿದೆ.

ಇವರು ಮಧ್ಯಾಹ್ನ ಬಂದವರು ಊಟ ಮಾಡಲಿಲ್ಲ. ಮೂಟೆಕೋಣೆಯಲ್ಲಿ ತುಳಿದರು, ಗಿರಣಿಯಲ್ಲಿ ತುಳಿದರು, ಹಿತ್ತಿಲಲ್ಲಿ ತುಳಿದರು. ದಪ್, ಸರ್ರ್. ದಪ್, ಸರ್ರ್. ಮೋರಿಯ ಕಥೆ ಹೇಳಿದೆ. ಕೋಲು ಹಿಡಿದು ಮೋರಿಯ ಉದ್ದಕ್ಕೂ ನಡೆದು ಬಂದರು. ಮಂಡಿ ಊದಿಕೊಂಡು ಪಂಚೆಯ ಮೇಲಿಂದಲೇ ಕಾಣುತ್ತಿತ್ತು.

"ಹೊತ್ತಾಯ್ತು, ಏರಿಗೆ ಹೋಗಲ್ವಾ?" ಅಂದೆ.

"ಬತ್ತಾಸು ಸಿಗ್ಲಿ" ಅಂದರು, ಅಂಗಳದ ಕಟ್ಟೆಯ ಮೇಲೆ ಕೂತರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ವಾಪಸಿನ ಹೊತ್ತಿಗೆ ಮನೆಯಲ್ಲಿದ್ದರು. ಏನು ಮಾಡಲಿ, ಒಳಗೆ ಎಳೆದುಕೊಂಡು ಹೋಗಲೇ? ಅಷ್ಟರಲ್ಲಿ ಅಂಗಳದ ನಡುವಿನಿಂದ ದುರುಗಪ್ಪನ ದಪ್ಪ ದನಿ ಶುರುವಾಯಿತು.

"ಯಾಕಕ್ಕ, ಇದನ್ನ ವಾಪಸ್ ಕೊಡ್ತಿದೀರಾ? ಇಲಿ ಹಿಡೀಲಿಲ್ವಾ? ಏನ್ ಬಾಯ್ಗೆ ಬೆರಳು... ಓ, ಯಜಮಾನ್ರಿಗೆ ಗೊತ್ತಾಗ್ಬಾರ್ದಾ? ಆಯ್ತು ಬಿಡಿ. ನಾನ್ಯಾಕ್ ಹೇಳ್ಲಿ? ಸತ್ರೂ ಹೇಳಲ್ಲ."

ಇವರು ತಲೆ ಎತ್ತಿ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಅಂದು ಹಗುರಾಗುತ್ತಿದ್ದೆ. ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಹೋದರು.

ಆಮೇಲೆ ನಮ್ಮ ಮನೆಯಲ್ಲಿ ಮಾತೇ ಇಲ್ಲ. "ಇವಳೇ" ಕೂಡ ಹೋಯಿತು. ಅನ್ನ ಬೇಕಾದರೆ ತಟ್ಟೆ ಮುಂದೆ ತಳ್ಳುವುದು, ಸಾಕಾದರೆ ಕೈ ಅಡ್ಡ ಇಡುವುದು. ಅಭ್ಯಾಸ ಬಲದಿಂದ ನಾನು ಸಂಜೆ ಮೂಟೆಕೋಣೆಗೆ ಹೋಗಿ ಕೂತೆ. ಮುಂದಿನ ಗಿರಣಿಯಿಂದ ಊರಿನವರ ಮಾತೆಲ್ಲ ಕೇಳುತ್ತಿತ್ತು, ಆ ಕೋಣೆಯಲ್ಲಿ ಮಾತ್ರ ಏನೂ ಇಲ್ಲ. ಹಕ್ಕಿ ಇಲ್ಲ, ಹುರಿಹಿಟ್ಟಿನ ಉಂಡೆ ಇಲ್ಲ. ಆಗ ಗೊತ್ತಾಯಿತು ನನಗೆ, ನಾನೇ ನನ್ನ ಕೈಯಾರೆ ಏನನ್ನು ಲಾರಿ ಹತ್ತಿಸಿ ಕಳಿಸಿದೆ ಅಂತ. ಆ ಮಾತು ನನಗೆ ಹೇಳಿದ್ದಲ್ಲ, ನಿಜ. ಆದರೆ ನನ್ನ ಕಿವಿಗೆ ಬೀಳುತ್ತಿದ್ದ ಇವರ ಮಾತು ಅಂತ ಇದ್ದದ್ದು ಅದೊಂದೇ. ಈಗ ಅದೂ ಇಲ್ಲ. ಇನ್ನು ಇರುವಷ್ಟು ವರ್ಷ ಹೀಗೇ ಇದ್ದುಬಿಟ್ಟರೆ ಅನ್ನಿಸಿ ಭಯವಾಯಿತು.

ಐದನೆಯ ದಿನ ಮೂಟೆ ಸರಿಸುವಾಗ ಹಿಂದಿನ ಮೂಲೆಯಲ್ಲಿ ಅದು ಕದ್ದು ಕೂಡಿಟ್ಟ ಗಂಟು ಸಿಕ್ಕಿತು. ಅಡಕತ್ತರಿ, ಕಾಲುಂಗುರ, ಹೇರ್‌ಪಿನ್ನು, ನನ್ನ ಹಳೆಯ ರವಿಕೆಯ ಒಂದು ತೋಳು, ನಾನು ತಲೆಗೆ ಕಟ್ಟುವ ಹಿಟ್ಟಿನ ಬಟ್ಟೆ. ಇವರ ಕನ್ನಡಕದ ಡಬ್ಬಿ ದಿನಾ ಅದರ ಮೂಗಿನ ಮುಂದೆಯೇ ಇರುತ್ತಿತ್ತು. ಅದನ್ನು ಮುಟ್ಟಿರಲಿಲ್ಲ. ಅಲ್ಲಿದ್ದದ್ದು ಒಂದೂ ಇವರದಲ್ಲ, ಎಲ್ಲ ನನ್ನವೇ. ರವಿಕೆಯ ತೋಳಿನ ಮೇಲೆ ಅದು ಮಲಗಿದ್ದ ಗುಂಡಿ ಹಾಗೇ ಇತ್ತು. ನಾನು ಅಲ್ಲೇ ಕೂತು ಅತ್ತೆ. ಬಾಯಿಂದ ಸದ್ದು ಬರದ ಹಾಗೆ ಅತ್ತೆ, ಅಳು ಕೂಡ ವಾಪಸು ಬಂದರೆ ಏನು ಗತಿ.

ಲಾರಿ ಬಂದ ದಿನ ದುರುಗಪ್ಪನ ಮುಂದೆ ಹೋಗಿ ನಿಂತು, ಸನ್ನೆ ಗಿನ್ನೆ ಬಿಟ್ಟು, ಇಡೀ ಊರಿಗೆ ಕೇಳುವ ಹಾಗೆ ಕೇಳಿದೆ: "ಎಲ್ಲಪ್ಪ ನಮ್ಮ ಬತ್ತಾಸು?"

"ಗೋಧಿ ಗೋದಾಮಿಗೆ ಬಿಟ್ಟಿದೀನಕ್ಕ. ಮೂಟೆ ಸಂದಿಗೆ ಹೋಗಿ ಸೇರ್ಕೊಂಡಿದೆ. ಎಲ್ರೂ ಕೂಗಿ ಕೂಗಿ ಗಂಟಲು ಕಟ್ಟಿಸ್ಕೊಂಡ್ರು. ತಿಂತಾ ಇದ್ಯೋ ಇಲ್ವೋ ದೇವ್ರಿಗೇ ಗೊತ್ತು."

ಮೂಟೆ ಇಳಿಸಿ ಅವನು ಹೊರಟಾಗ ನಾನೂ ಲಾರಿ ಹತ್ತಿದೆ. ಗಡಿಕಲ್ಲು ದಾಟಿ ಹದಿನೈದು ವರ್ಷವಾಗಿತ್ತು. ಗೋದಾಮು ಅಂದರೆ ನಮ್ಮ ಗಿರಣಿಯಂಥ ಹತ್ತು ಹಿಡಿಸುತ್ತದೆ, ಎರಡಾಳೆತ್ತರಕ್ಕೆ ಪೇರಿಸಿದ ಮೂಟೆ. ಪುಣ್ಯಕ್ಕೆ ಅಲ್ಲೂ ಹಲಗೆ ಹಾಸಿದ್ದರು. ಚಪ್ಪಲಿ ಬಿಟ್ಟು ತುಳಿದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತುಳಿದುಕೊಂಡು ಹೋದೆ. ಹಮಾಲರು ಮೂಟೆ ಇಳಿಸಿ ನನ್ನನ್ನೇ ನೋಡುತ್ತಾ ನಿಂತರು, ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು. ಏನೂ ಅಲುಗಲಿಲ್ಲ. ಅದಕ್ಕೂ ನನ್ನ ಮೇಲೆ ಕೋಪವಿರಬಹುದು ಅನ್ನಿಸಿತು. ಇದ್ದರೆ ತಪ್ಪೇನು? ನಂಬಿ ಬುಟ್ಟಿಗೆ ಹೋದದ್ದಲ್ಲವೇ?

ಆಮೇಲೆ, ಹೇಳಲು ಹೊಟ್ಟೆ ಉರಿಯುತ್ತದೆ, ಎಡಗಾಲು ದಪ್ಪನೆ ಊರಿ ಬಲಗಾಲು ಎಳೆದೆ. ದಪ್, ಸರ್ರ್. ದಪ್, ಸರ್ರ್. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಗೋಡೆಯ ಕಡೆಯ ಸಂದಿನಿಂದ ಗುಲಾಬಿ ಮೂಗು ಹೊರಗೆ ಬಂತು. ಮೈಯೆಲ್ಲ ಧೂಳು, ಸೊರಗಿ ಅರ್ಧವಾಗಿತ್ತು. ಕುಣಿಯುತ್ತಾ ಬಂದು ನನ್ನನ್ನು ಕಂಡು ನಿಂತಿತು. ನನ್ನ ಸೀರೆಯ ಹಿಂದೆ ಹೋಗಿ ಹುಡುಕಿತು. ಅಲ್ಲಿ ಯಾರೂ ಇರಲಿಲ್ಲ. ನಾನು ಮಂಡಿಯೂರಿ ಕೈ ಚಾಚಿ ಕಾದೆ. ಬಹಳ ಹೊತ್ತು ಕಾದೆ. ಬಂದು ಮೂಸಿ, ಬೆರಳನ್ನು ಹಲ್ಲಲ್ಲಿ ಹಿಡಿದು, ಕಚ್ಚದೆ ಬಿಟ್ಟು, ಸೆರಗಿನೊಳಗೆ ನುಗ್ಗಿತು.

"ಬಂತಲ್ಲಕ್ಕ! ಎಂಥ ಪ್ರೀತಿ ನೋಡಿ ನಿಮ್ಮ ಮೇಲೆ" ಅಂದ ದುರುಗಪ್ಪ.

"ಸುಮ್ನಿರಪ್ಪ" ಅಂದೆ.

ಊರು ಸೇರುವಾಗ ಮಧ್ಯಾಹ್ನ ಮೂರಾಗಿತ್ತು. ಇವರು ಓಡುವ ಗಿರಣಿಯ ಮುಂದೆ ಹಿಟ್ಟು ತೂಗುತ್ತಿದ್ದರು. ನಾನು ಹಿತ್ತಿಲಿನಿಂದ ಬಂದು ಮೂಟೆಕೋಣೆಯ ಬಾಗಿಲು ಹಾಕಿಕೊಂಡೆ. ಬತ್ತಾಸಿಗೆ ಮೊಟ್ಟೆ ಬಿಡಿಸಿ ಕೊಟ್ಟು, ಎದುರಿಗೆ ಕೂತು, ಮಾತಾಡಿದೆ. ಮೂವತ್ತೊಂದು ವರ್ಷದ್ದನ್ನು ಆಡಿದೆ. ಮೊದಮೊದಲು ಮೆಲ್ಲಗೆ ಆಡಿದೆ, ಆಮೇಲೆ ಮಾತು ಮಾತಿಗೆ ಕೋಪ ಬಂದು ಗಂಟಲು ಬಿಟ್ಟೆ. ಅದು ಮೊಟ್ಟೆ ತಿಂದು ಮೀಸೆ ಒರೆಸಿಕೊಂಡಿತು.

ಆಮೇಲೆ ಬಾಗಿಲು ತೆರೆದೆ. ಇವರು ಒಳಗೆ ಬಂದ ಹೆಜ್ಜೆಗೆ ಅದು ಬಿಲ್ಲಾಗಿ ಕುಣಿಯುತ್ತಾ ಓಡಿತು. ಇವರು ಅದನ್ನು ಎತ್ತಿಕೊಳ್ಳಲಿಲ್ಲ, ಹಾಗೇ ಗೋಡೆ ಹಿಡಿದು ನೆಲಕ್ಕೆ ಕೂತರು. ಅದು ಮೈಮೇಲೆಲ್ಲ ಹತ್ತಿ ಇಳಿಯಿತು. ಇವರ ಕಣ್ಣು ತುಂಬಿದ್ದು ಕಂಡೆ. ಆಗಲೂ, ದೇವರಾಣೆ, ನಾನು ಹೋಲಿಸಿಯೇ ನೋಡಿದೆ. ಮದುವೆಯಲ್ಲಿ ನನ್ನನ್ನು ನೋಡಿದಾಗ ಇಷ್ಟು ಅರಳಿರಲಿಲ್ಲ ಆ ಮುಖ.

ದೀಪ ಹಚ್ಚುವ ಹೊತ್ತಿಗೆ ಇವರು ಎದ್ದು ಏರಿಗೆ ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಇವತ್ತು ಹೋಗ್ಬೇಡಿ."

ಇವರು ಬಾಗಿಲು ನೋಡಿದರು, ನನ್ನನ್ನು ನೋಡಿದರು. ಹಿಂದಕ್ಕೆ ಹೋಗಿ ಮೂಟೆಗೆ ಒರಗಿ ಕಾಲು ಚಾಚಿದರು. ಬತ್ತಾಸು ಎದೆ ಹತ್ತಿ ಮಲಗಿತು. ನಾನು ಪಕ್ಕದಲ್ಲಿ ಕೂತೆ. ನನ್ನ ದನಿ ಶುರುವಾಯಿತು.

"ಬತ್ತಾಸು, ಇದು ನಿನಗೆ ಹೇಳ್ತಿರೋದಲ್ಲ. ನಿನಗೆ ಹೇಳೋ ಥರ ಹೇಳ್ತಿದೀನಿ, ಅಷ್ಟೇ. ನಿನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು. ಇವತ್ತಿಗೂ ಇದೆ, ನಾಳೆನೂ ಇರತ್ತೆ. ನಿನಗೆ ಕೊಟ್ಟಿದಾರಲ್ಲ, ಆ ಹೆಸರು ನಂದು. ಎಲ್ಲಾ ಕೇಳಿದೀನಿ ನಾನು, ದಿನಾ ಇಲ್ಲೇ ಕೂತು ಕೇಳಿದೀನಿ. ಅವತ್ತು ಸಂಜೆ ಎಂಟು ಜನ ನಕ್ಕರು ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದೆ. ಎಂಟಲ್ಲ, ಒಂಬತ್ತು. ಎಲ್ಲರಿಗಿಂತ ಜೋರಾಗಿ ನಕ್ಕೋಳು ನಾನು. ಅವರು ಬಾಗಿಲಲ್ಲಿ ನಿಂತಿದ್ರು, ನನ್ನೇ ನೋಡ್ತಿದ್ರು. ನಾಚಿಕೆ ಆಯ್ತು, ನಗಬಾರದಿತ್ತು, ನಕ್ಕುಬಿಟ್ಟೆ. ಆಮೇಲೆ ಅವರ ಬಾಯಿ ಮುಚ್ಚಿ ಹೋಯ್ತು. ನಾನು ಊರಿನ ಮೇಲೆ ಹಾಕ್ದೆ."

ಇವರ ಕೈ ಬತ್ತಾಸಿನ ಬೆನ್ನ ಮೇಲೇ ಇತ್ತು. ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಅಷ್ಟು ಹೊತ್ತಿಗೆ ನಾನು ಗಂಟಲು ಬಿಟ್ಟ ಭಾಗ ಬಂತು. "ಹಂಗಂತ ಮೂವತ್ತೊಂದು ವರ್ಷಾನಾ? ಒಂದು ನಗೂಗೆ ಮೂವತ್ತೊಂದು ವರ್ಷಾನಾ? ಮಂಡಿ ನೋವು ಅಂತ ಹೇಳಕ್ಕೂ ಆಗಲ್ವಾ? ನಾನೇನು ಹುಲೀನಾ, ಕರಡೀನಾ?" ಕೋಣೆ ತುಂಬ ನನ್ನದೇ ಬೈಗುಳ, ಗೋಡೆ ಬಿರಿಯುವ ಹಾಗೆ.

ಆಗ ಬತ್ತಾಸು ತಟ್ಟನೆ ತಲೆ ಎತ್ತಿತು. ನನ್ನ ಅರಚಾಟಕ್ಕಲ್ಲ, ಅದು ಅದಕ್ಕೆಲ್ಲಿ ಕೇಳಬೇಕು. ಇವರ ಎದೆಯನ್ನೇ ನೋಡಿತು. ನಾನು ಇವರ ಮುಖ ನೋಡಿದೆ. ತುಟಿ ಆಡುತ್ತಿತ್ತು. ವಾಪಸಿನ ಹೊತ್ತಿನಲ್ಲಿ, ಆಡಿದ್ದು ಎಂದೂ ತಿರುಗಿ ಬಾರದ ಹೊತ್ತಿನಲ್ಲಿ, ಮರ್ಯಾದೆ ಬಿಟ್ಟು ಇವರು ಏನೋ ಹೇಳುತ್ತಿದ್ದರು. ನನ್ನ ಹಾಳು ಬಾಯಿ ಮೇಲೆ ಮೇಲೆ ಕಿರುಚುತ್ತಿತ್ತು, ಒಂದಕ್ಷರ ಕೇಳಲಿಲ್ಲ. ಸುಮ್ಮನಿರೇ ಅಂತ ನನಗೆ ನಾನೇ ಹೇಳಿಕೊಂಡರೆ ಆದೀತೇ? ಮಧ್ಯಾಹ್ನ ಆಡಿಬಿಟ್ಟಿದ್ದೆನಲ್ಲ.

ನನಗೆ ಇನ್ನೇನೂ ತೋಚಲಿಲ್ಲ. ಕೈ ಚಾಚಿ ಇವರ ಎದೆಯ ಮೇಲೆ, ಬತ್ತಾಸಿನ ಗದ್ದದ ಪಕ್ಕದಲ್ಲಿ, ಅಂಗೈ ಇಟ್ಟೆ. ಇವರು ನನ್ನ ಮುಖ ನೋಡಿ ಇನ್ನೊಂದು ಸಲ ಹೇಳಿದರು. ಅಂಗೈಗೆ ಗುಂಯ್ ಅಂತ ತಾಗಿತು. ಮೂರು ಸಲ, ಬಿಡಿಬಿಡಿಯಾಗಿ, ಆ ಹೆಸರಿನ ಮೂರು ಅಕ್ಷರದ ಹಾಗೆ. ಇಷ್ಟು ದಿನ ಈ ಪ್ರಾಣಿ ಇಲ್ಲಿ ಮಲಗಿ ಏನು ಕೇಳಿಸಿಕೊಳ್ಳುತ್ತಿತ್ತು ಅನ್ನುವುದು ಆಗ ನನಗೆ ತಿಳಿಯಿತು.

ಅಂಗೈ ಇಟ್ಟ ಜಾಗ ಸಾಲಲಿಲ್ಲ. ಬಗ್ಗಿ ಕೆನ್ನೆಯನ್ನೇ ಇಡಬೇಕು ಅನ್ನಿಸಿತು. ಬತ್ತಾಸು ಆಗಲೇ ತಲೆ ಇಳಿಸಿ, ಕಾಲು ನಾಲ್ಕೂ ಚೆಲ್ಲಿ, ಇಡೀ ಎದೆ ತನ್ನದೇ ಅನ್ನುವಂತೆ ಹರಡಿಕೊಂಡಿತ್ತು.

"ಆ ಕಡೆ ಸರ್ಕೋ" ಅಂದೆ. ಅದಕ್ಕೆಲ್ಲಿ ಕೇಳಿಸಬೇಕು.